ಹತ್ತು-ಹನ್ನೆರಡಡಿ ಕೋಣೆಯಲ್ಲಿ ಹದಿನೈದಿಂಚಿನ ಟ್ಯಾನಾಯ್

ಮಂಗಳೂರು ಉರ್ವದ ನಮ್ಮ ಹಳೇ ಹೆಂಚಿನ ಮನೆಯ ಒಳಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಅದರೊಳಗೆ ಈಗ ಒಂದು ಜೋಡಿ ಟ್ಯಾನಾಯ್ ಆರ್ಡೆನ್ ನಿಂತಿದೆ, ಬ್ರಿಟನ್ನಿನ ಹಳೇ ಹದಿನೈದಿಂಚಿನ ಸ್ಪೀಕರ್. ಒಂದೊಂದು ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ, 66 ಸೆಂಟಿಮೀಟರ್ ಅಗಲ. ತರುವ ಮೊದಲು ಐದಾರು ಮಂದಿಯನ್ನು ಕೇಳಿದ್ದೆ, ಒಬ್ಬರೂ ಸೈ ಅನ್ನಲಿಲ್ಲ. "ಎಂತ ಮಾರಾಯ್ರೆ, ಅದನ್ನು ಇಡ್ಲಿಕ್ಕೆ ಮದುವೆ ಹಾಲ್ ಬೇಕು. ಒಂದು ಬುಕ್‌ಶೆಲ್ಫ್ ಸ್ಪೀಕರ್ ತಕೊಳ್ಳಿ, ಸಬ್‌ವೂಫರ್ ಹಾಕಿ, ಸಾಕು" ಅಂದವರು ನನಗಿಂತ ಇಪ್ಪತ್ತು ವರ್ಷ ಮೊದಲೇ ಈ ದಾರಿ ಹಿಡಿದವರು. ಅವರ ಮೇಲೆ ಗೌರವ ಉಂಟು. ಆದರೆ ಈ ವಿಷಯದಲ್ಲಿ ಅವರ ಮಾತು ತಪ್ಪಾಯಿತು.

ಚಿಕ್ಕ ಕೋಣೆಗೆ ದೊಡ್ಡ ಸ್ಪೀಕರ್ ಆಗದು ಅನ್ನುವುದು ಮೂರು ನಾಲ್ಕು ಡ್ರೈವರ್ (ಸದ್ದು ಹೊರಡಿಸುವ ಘಟಕ) ಒಂದರ ಮೇಲೊಂದು ಕೂತಿರುವ ಪೆಟ್ಟಿಗೆಗಳ ಮಟ್ಟಿಗೆ ಸರಿ. ಹತ್ತಿರ ಕೂತರೆ ತಾಳದ ಸದ್ದು ಮೇಲಿಂದ, ಮದ್ದಳೆ ಕೆಳಗಿಂದ ಬರುತ್ತದೆ. ಟ್ಯಾನಾಯ್ ಡ್ರೈವರಿನ ಡ್ಯುಯಲ್ ಕಾನ್ಸೆಂಟ್ರಿಕ್‌ನಲ್ಲಿ ಮೇಲಿನ ಸ್ವರದ ಟ್ವೀಟರ್ ಇರುವುದೇ ಕೆಳಗಿನ ಸ್ವರದ ವೂಫರಿನ ಹೊಟ್ಟೆಯೊಳಗೆ. ಆರೇಳು ಅಡಿಗೆ ಕೂತರೂ ಎಲ್ಲ ಒಂದೇ ಬಿಂದುವಿನಿಂದ ಹೊರಡುತ್ತದೆ. ಸ್ಟುಡಿಯೊದವರು ದಶಕಗಟ್ಟಲೆ ಟ್ಯಾನಾಯ್ ಇಟ್ಟುಕೊಂಡು ಕೆಲಸ ಮಾಡಿದ್ದು ಕಂಟ್ರೋಲ್ ರೂಮುಗಳಲ್ಲಿ, ಮದುವೆ ಹಾಲಿನಲ್ಲಿ ಅಲ್ಲ. ನಾನು ನೆಚ್ಚಿಕೊಂಡದ್ದು ಇದೊಂದನ್ನೇ.

ಜೋಡಿ ಸಿಕ್ಕಿದ್ದು ಮುಂಬೈಯಲ್ಲಿ. ಯಾರ ಮೂಲಕ ಅಂತ ಹೇಳುವುದಿಲ್ಲ, ಅಲ್ಲಿ ಇನ್ನೂ ಒಂದು ಜೋಡಿ ಉಂಟು. 1,80,000 ಕೇಳಿದರು. ಗ್ರಿಲ್ ತೆಗೆದು ಕೋನಿನ, ಅಂದರೆ ಅಲುಗಿ ಸದ್ದು ಮಾಡುವ ಲಾಳಿಕೆಯಂಥ ತಟ್ಟೆಯ, ಅಂಚಿಗೆ ಬೆರಳಿಟ್ಟೆ. ಅಂಚಿನ ಫೋಮ್ ಮಳೆಗಾಲದಲ್ಲಿ ನೀರೊಡೆದ ಬೆಲ್ಲದ ಹಾಗೆ ಕೈಗೆ ಅಂಟಿಕೊಂಡು ಬಂತು. 1974ರ ನಂತರದ ಟ್ಯಾನಾಯ್ ಎಚ್‌ಪಿಡಿ ಡ್ರೈವರುಗಳ ಹಣೆಬರಹವೇ ಅದು, ಹಳೇ ಫೋಮ್ ಉಳಿದಿರುವ ಜೋಡಿಯನ್ನು ನಾನಂತೂ ನೋಡಿಲ್ಲ. ಮಾರುವವರು ಅದನ್ನೇ ದೊಡ್ಡ ದೋಷ ಅಂತ ಮುಖ ಸಣ್ಣ ಮಾಡಿಕೊಂಡರು, ನಾನೂ ಹಾಗೇ ಇರಲಿ ಅಂತ ಸುಮ್ಮನಿದ್ದೆ. ನಿಜವಾಗಿ ನೋಡಬೇಕಾದದ್ದು ಟ್ವೀಟರಿನ ಡಯಾಫ್ರಮ್, ಒಳಗೆ ನಡುಗುವ ತೆಳು ಹಾಳೆ. ಅದು ಹೋಗಿದ್ದರೆ ನಾನು ಬರಿಗೈಯಲ್ಲಿ ವಾಪಸ್. ಒಂದೊಂದಕ್ಕೂ ಕಿವಿ ಹಚ್ಚಿ ಕೇಳಿದೆ, ಮಲ್ಟಿಮೀಟರ್ ಇಟ್ಟು ನೋಡಿದೆ, ಎರಡೂ ಜೀವಂತ. ಮಾತು 1,40,000ಕ್ಕೆ ಮುಗಿಯಿತು.

ಡ್ರೈವರುಗಳನ್ನು ಬಿಚ್ಚಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಎರಡು ಸೂಟ್‌ಕೇಸಿನಲ್ಲಿಟ್ಟು ಮತ್ಸ್ಯಗಂಧ ರೈಲಿನಲ್ಲಿ ನನ್ನ ಜತೆಗೇ ತಂದೆ. ಆ ರಾತ್ರಿ ನಿದ್ದೆ ಮಾಡಲಿಲ್ಲ. ಖಾಲಿ ಪೆಟ್ಟಿಗೆಗಳನ್ನು ಲಾರಿ ಪಾರ್ಸೆಲ್‌ಗೆ ಹಾಕಿದೆ. ನನ್ನ ಟಿಕೆಟೂ ಸೇರಿ ಸಾಗಾಟಕ್ಕೆ ಸುಮಾರು 12,000 ಆಯಿತು. ಮೇಲೆ ಬಾಣದ ಗುರುತು ಹಾಕಿ "ನಿಲ್ಲಿಸಿಯೇ ಇಡಿ" ಅಂತ ಬರೆದಿದ್ದರೂ ಒಂದನ್ನು ಮಗುಚಿ ಹಾಕಿದ್ದರು. ಮೂಲೆ ಜಜ್ಜಿ ತೇಗದ ವಿನೀರ್ ಎದ್ದಿತ್ತು. ಪರಿಹಾರ ಕೇಳಿ ಕೇಳಿ ಸುಸ್ತಾಗಿ ಬಿಟ್ಟೆ. ನಮ್ಮ ಆಚಾರ್ರು 3,500 ತೆಗೆದುಕೊಂಡು ಆ ಮೂಲೆಯನ್ನು ಎಷ್ಟು ಚೆಂದ ಕೂರಿಸಿದರೆಂದರೆ ಈಗ ನಾನೇ ಬ್ಯಾಟರಿ ಹಿಡಿದು ಹುಡುಕಬೇಕು.

ಫೋಮ್ ಹಾಕಿಸಲು ಡ್ರೈವರುಗಳನ್ನು ದೂರದ ಊರಿನ ಒಬ್ಬ ಮೆಕ್ಯಾನಿಕ್‌ಗೆ ಕೊಟ್ಟದ್ದು ನಾನು ಮಾಡಿದ ದೊಡ್ಡ ತಪ್ಪು. 8,000 ಹೋಯಿತು. ಆತ ಬೇರೆ ಯಾವುದೋ ಹದಿನೈದಿಂಚಿನ ಫೋಮನ್ನು ಎಳೆದು ಅಂಟಿಸಿದ್ದ. ಕೋನಿನ ಹಿಂದಿನ ತಂತಿಸುರುಳಿ (ಕಾಯಿಲ್) ಒಂದು ಬದಿಗೆ ಉಜ್ಜಿ ಕರಕರ. ಮರಳಿ ಕಳಿಸಿದೆ, ಮರಳಿ ಅದೇ ಕರಕರ. ಕೊನೆಗೆ ಇಂಗ್ಲೆಂಡಿನಿಂದ ನನ್ನ ಡ್ರೈವರ್ ಮಾದರಿ ಎಚ್‌ಪಿಡಿ 385ಕ್ಕೆಂದೇ ಮಾಡಿದ ಕಿಟ್ ತರಿಸಿ, ಕಸ್ಟಮ್ಸ್ ಸೇರಿ 7,000 ಚಿಲ್ಲರೆ ಬಿತ್ತು, ನಾನೇ ಕೂತೆ.

ಹಳೇ ಅಂಟು ತೆಗೆಯಲಿಕ್ಕೇ ಎರಡು ರಾತ್ರಿ. ಐಸೊಪ್ರೊಪೈಲ್ ಹಚ್ಚಿ, ಮೊಂಡು ಬೆಣ್ಣೆಚೂರಿಯಲ್ಲಿ ಅಂಗುಲ ಅಂಗುಲ ಕೆರೆಯಬೇಕು. ಕೋನಿನ ಹಿಂದೆ ಎಲೆಯ ನರದಂಥ ಪಟ್ಟಿಗಳಿವೆಯಲ್ಲ, ಒಂದರಲ್ಲಿ ಅಂಟು ಬಿಟ್ಟಿತ್ತು. ಬೆರಳಿನಿಂದ ಮೀಟಿದಾಗಲೇ ಗೊತ್ತಾದದ್ದು. ಅದನ್ನು ಹಾಗೇ ಬಿಟ್ಟಿದ್ದರೆ ಮುಂದೆ ಕೋಣೆಯನ್ನೇ ಬೈಯುತ್ತಾ ಕೂತಿರುತ್ತಿದ್ದೆ. ಮೊದಲ ದಿನ ಕೋನಿನ ಬದಿ ಮಾತ್ರ ಅಂಟಿಸಿದೆ. ಮರುದಿನ ಫ್ರೇಮಿನ ಬದಿ. ಫೋನಿನಿಂದ 30 ಹರ್ಟ್ಸ್ ಟೋನ್ ಸಣ್ಣಗೆ ಬಿಟ್ಟು, ಅಂಟು ಹಸಿ ಇರುವಾಗಲೇ ಎರಡು ಹೆಬ್ಬೆರಳಿನಲ್ಲಿ ಕೋನನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸುತ್ತಾ ಹೋಗುವುದು. ಸರಸರ ಅನ್ನುತ್ತಿರುತ್ತದೆ, ಅನ್ನುತ್ತಿರುತ್ತದೆ, ಒಂದು ಕಡೆ ಬಂದಾಗ ಸದ್ದೇ ನಿಲ್ಲುತ್ತದೆ. ಕೋನ್ ಮಾತ್ರ ಉಸಿರಾಡಿದ ಹಾಗೆ ಹೋಗಿಬರುತ್ತಿರುತ್ತದೆ. ಅಲ್ಲಿಯೇ ಕೈ ಹಿಡಿದು ಕೂರಬೇಕು. ಎಡದ್ದು ಮೊದಲ ಸಲವೇ ಕೂತಿತು. ಬಲದ್ದನ್ನು ಒಮ್ಮೆ ಕಿತ್ತು ಮತ್ತೆ ಅಂಟಿಸಿದೆ.

ಇನ್ನು ಕೋಣೆ. ಎಲ್ಲರೂ ಮಾಡುವ ಹಾಗೆ ಮೊದಲು ಹತ್ತಡಿ ಗೋಡೆಗೆ ಇಟ್ಟು ಎದುರು ತುದಿಯಲ್ಲಿ ಕುರ್ಚಿ ಹಾಕಿದೆ. ಗುಮ್ಮ್ ಅಂತ ಒಂದೇ ಸ್ವರ. ಟೋನ್ ಬಿಟ್ಟು ನೋಡಿದರೆ 47 ಹರ್ಟ್ಸ್, ಹನ್ನೆರಡಡಿ ಉದ್ದದ ಕೋಣೆ ತಾನಾಗಿ ಗುನುಗಬೇಕಾದ ಲೆಕ್ಕವೇ. ಎರಡು ಮೂಲೆಗೆ ತಳ್ಳಿ ನೋಡಿದೆ, ಇನ್ನೂ ಕೆಟ್ಟಿತು. ಒಂದು ತಿಂಗಳು ಹೀಗೇ ಹೋಯಿತು. ಬಂದು ಕೇಳಿದವರೆಲ್ಲ "ನಾವು ಹೇಳಿರಲಿಲ್ವಾ" ಅನ್ನುವ ಮುಖ ಮಾಡಿಕೊಂಡು ಚಾ ಕುಡಿದು ಹೋದರು.

ಆಮೇಲೆ ಉದ್ದ ಗೋಡೆಗೆ ತಿರುಗಿಸಿದೆ. ಪೆಟ್ಟಿಗೆ ಅಡಿಗೆ ಗೋಣಿತಾಟು ಹಾಕಿದರೆ ಕಾವಿ ನೆಲದ ಮೇಲೆ ಒಬ್ಬನೇ ಎಳೆಯಬಹುದು, ಗೀರೂ ಬೀಳುವುದಿಲ್ಲ. ಡ್ರೈವರಿನ ನಡುವಿನಿಂದ ನಡುವಿಗೆ ಏಳಡಿ, ಮುಖ ಗೋಡೆಯಿಂದ ಎರಡಡಿ ಮುಂದೆ. ಕುರ್ಚಿ ಹಿಂದಿನ ಗೋಡೆಗೆ ಅಂಟದೆ ಎರಡಡಿ ಬಿಟ್ಟು. ಹೀಗಾದಾಗ ಕಿವಿ ಹನ್ನೆರಡಡಿಯ ಸರಿ ನಡುಮಧ್ಯಕ್ಕೆ ಬಂತು, 47ರ ಗುಮ್ಮು ಆ ಜಾಗದಲ್ಲಿ ಹೆಚ್ಚುಕಡಿಮೆ ಸತ್ತೇಹೋಯಿತು. ಟೋ-ಇನ್, ಅಂದರೆ ಪೆಟ್ಟಿಗೆಗಳನ್ನು ಒಳಮುಖ ಮಾಡುವ ವಿಷಯದಲ್ಲಿ ನಾಚಿಕೆ ಬೇಡ. ಎರಡರ ನೇರ ಗೆರೆಗಳು ನನ್ನ ಮುಖಕ್ಕಿಂತ ಒಂದೂವರೆ ಅಡಿ ಮುಂದೆಯೇ ಒಂದನ್ನೊಂದು ದಾಟುವಷ್ಟು ಒಳಕ್ಕೆ ತಿರುಗಿಸಿದ್ದೇನೆ. ಸದ್ದು ಪಕ್ಕದ ಗೋಡೆಗೆ ಬಡಿಯುವುದು ಕಡಿಮೆ, ಜತೆಗೆ ತಲೆ ಒಂದಡಿ ಆಚೀಚೆ ಸರಿದರೂ ಹಾಡುಗಾರ ನಡುವಿನಲ್ಲೇ ನಿಲ್ಲುತ್ತಾನೆ. ಡ್ರೈವರ್ ಕಿವಿಗಿಂತ ಕೆಳಗಿದ್ದುದರಿಂದ ಮುಂಭಾಗಕ್ಕೆ ಹಲಸಿನ ಮರದ ಬೆಣೆ ಕೊಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿದೆ.

ಹತ್ತಡಿ ಅಗಲದ 56 ಹರ್ಟ್ಸ್ ಗುಮ್ಮು ಉಳಿಯಿತು. ಅದಕ್ಕೆ ಪೋರ್ಟಿನೊಳಗೆ (ಪೆಟ್ಟಿಗೆಯ ಗಾಳಿಕಂಡಿ) ತೆಂಗಿನ ನಾರು ತುಂಬಿಸಿದೆ. ಪೂರ್ತಿ ಮುಚ್ಚಿದರೆ ಬಾಸ್ ಒಣಗುತ್ತದೆ, ಬಿಡಿಯಾಗಿ ಹಾಕಿದರೆ ಏನೂ ಆಗುವುದಿಲ್ಲ. ಎಷ್ಟು ತೂಕ, ಎಷ್ಟು ಆಳಕ್ಕೆ ಅನ್ನುವುದು ಮೂರು ತಿಂಗಳ ದುಡಿಮೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಾರನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿಯೇ ಹಾಕಿ, ಅಷ್ಟು ಹೇಳಬಲ್ಲೆ.

ಇದರ ನಡುವೆ ಅಡಿಕೆ ಸಿಪ್ಪೆ ತುಂಬಿದ ಗೋಣಿಚೀಲಗಳನ್ನು ಮೂಲೆಗೆ ಪೇರಿಸಿ ಗುಮ್ಮು ಹೀರುವ ಬಾಸ್ ಟ್ರ್ಯಾಪ್ ಮಾಡಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು, ಜೂನಿನ ಎರಡನೇ ವಾರಕ್ಕೆ ಮುಗ್ಗಲು ವಾಸನೆ, ಹುಳ. ಎಲ್ಲ ತೋಟಕ್ಕೆ ಹೋಯಿತು. ಬೂರುಗದ ಹತ್ತಿಯ ಹಳೇ ಹಾಸಿಗೆಯನ್ನು ಕುರ್ಚಿಯ ಹಿಂದೆ ಗೋಡೆಗೆ ನಿಲ್ಲಿಸಿದ್ದು ಮಾತ್ರ ಇವತ್ತಿಗೂ ಉಂಟು. 56ಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ, ಆದರೆ ಯಕ್ಷಗಾನದ ಭಾಗವತರ ಸ್ವರ ಸ್ಪಷ್ಟವಾಯಿತು.

ಒಂದು ಝೇಂಕಾರ ಮಾತ್ರ ಎರಡು ವಾರ ಕಾಡಿತು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೆಳಗಿನ ಸ್ವರಕ್ಕೆ ಇಳಿದಾಗ, ಚೆಂಡೆಗೆ ದೊಡ್ಡ ಏಟು ಬಿದ್ದಾಗ, ಎಲ್ಲೋ ಝಿಂಯ್ ಅನ್ನುತ್ತಿತ್ತು. ಬಲದ ಡ್ರೈವರ್ ಮೂರು ಸಲ ಬಿಚ್ಚಿದೆ. ಕೊನೆಗೆ ಅಮ್ಮ ಚಾವಡಿಯಿಂದಲೇ ಕೂಗಿ ಹೇಳಿದರು, "ಅದು ನಿನ್ನ ಪೆಟ್ಟಿಗೆಯಲ್ಲ ಮಗಾ, ಮೇಲೆ ಹಂಡೆ ಕೂಗ್ತಾ ಉಂಟು." ಮುಚ್ಚಿಗೆಯ ಮೇಲೆ ಅಟ್ಟದಲ್ಲಿ ತಾಮ್ರದ ಹಂಡೆಯೊಳಗೆ ಹಿತ್ತಾಳೆ ಕೊಡಪಾನ ಇಟ್ಟಿದ್ದರು. ನಡುವೆ ಗೋಣಿ ತುರುಕಿದೆ, ಸಡಿಲವಿದ್ದ ಎರಡು ಹಲಗೆಗೆ ಸ್ಕ್ರೂ ಹಾಕಿದೆ, ಮುಗಿಯಿತು.

ಹೆಂಚಿನ ಮಾಡು ನನಗೆ ಮಾಡಿದ ಉಪಕಾರವನ್ನೂ ಹೇಳಬೇಕು. ಇಷ್ಟೇ ಅಳತೆಯ ಕೋಣೆ ಬಿಜೈಯಲ್ಲಿ ಗೆಳೆಯರ ಫ್ಲ್ಯಾಟಿನಲ್ಲಿದೆ, ಆರೂ ಕಡೆ ಕಾಂಕ್ರೀಟು. ಅಲ್ಲಿ ಹತ್ತಿಂಚಿನ ವೂಫರೇ ನನ್ನ ಹದಿನೈದಿಂಚಿಗಿಂತ ಹೆಚ್ಚು ಗುಮ್ಮೆನ್ನುತ್ತದೆ. ನಮ್ಮಲ್ಲಿ ಕೆಳಗಿನ ಬಾಸ್ ಮರದ ಮುಚ್ಚಿಗೆ ದಾಟಿ ಹೆಂಚಿನ ಸಂದಿಯಿಂದ ಹೊರಗೆ ಹೋಗಿಬಿಡುತ್ತದೆ. ಸ್ಲ್ಯಾಬಿನ ಮನೆಯವರು ನನ್ನ ಅಳತೆಯನ್ನು ಹಾಗೇ ಎತ್ತಿಕೊಳ್ಳಬೇಡಿ, ಬಾಗಿಲು ತೆರೆದಿಟ್ಟು ಶುರುಮಾಡಿ.

ಆಂಪ್ ದೊಡ್ಡಪ್ಪ ಗಲ್ಫಿನಿಂದ ತಂದಿದ್ದ ಸಾನ್ಸುಯಿ ಎಯು-717. ವಾಲ್ಯೂಮ್ ಒಂಬತ್ತು ಗಂಟೆಯ ಗುರುತು ದಾಟುವ ಅಗತ್ಯವೇ ಬರುವುದಿಲ್ಲ. ಸ್ಪೀಕರಿನ ಎನರ್ಜಿ, ರೋಲ್-ಆಫ್ ನಾಬುಗಳ (ಟ್ವೀಟರಿನ ಸದ್ದು ಹೊಂದಿಸುವವು) ಕಾಂಟ್ಯಾಕ್ಟನ್ನು ಕಡಲ ಗಾಳಿ ಕಪ್ಪಾಗಿಸುತ್ತದೆ, ಒಂದು ಬದಿಯ ಟ್ವೀಟರ್ ಇದ್ದಕ್ಕಿದ್ದಂತೆ ಮಂಕಾದರೆ ಮೊದಲು ಅಲ್ಲೇ ನೋಡಿ. ತಿಂಗಳಿಗೊಮ್ಮೆ ನಾಲ್ಕೈದು ಸಲ ತಿರುಗಿಸುತ್ತೇನೆ.

ಬೆಣೆ, ಅಂಟು, ಕಾಂಟ್ಯಾಕ್ಟ್ ಕ್ಲೀನರ್ ಎಲ್ಲ ಸೇರಿ ಒಟ್ಟು 1,75,000ದ ಆಸುಪಾಸು. ಅದರಲ್ಲಿ ಮೆಕ್ಯಾನಿಕ್‌ಗೆ ಕೊಟ್ಟ 8,000 ನೀರಿಗೆ ಹೋದದ್ದು. ಈ ದುಡ್ಡಿಗೆ ಇವತ್ತಿನ ಹೊಸ ಸ್ಪೀಕರಿನಲ್ಲಿ ಚೆಂಡೆಯ ಚರ್ಮದ ಮೇಲೆ ಕೋಲು ಬಿದ್ದು ಏಳುವ ಆ ಏಟು ಇಷ್ಟು ಸಲೀಸಾಗಿ ಕೇಳಿದ್ದನ್ನು ನಾನು ಕಂಡಿಲ್ಲ.

ಫೋಮ್ ಅಂಟಿಸಿದ ತಾರೀಕನ್ನು ಪೆಟ್ಟಿಗೆಯೊಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಆಮೇಲೆ ಬಂದ ಎರಡನೇ ಆಟಿ ತಿಂಗಳು ಇದು. ಮೊನ್ನೆ ಮಳೆ ಹಿಡಿದ ರಾತ್ರಿ ಗ್ರಿಲ್ ತೆಗೆದು ಅಂಚಿನ ಸುತ್ತ ಬೆರಳಾಡಿಸಿ ನೋಡಿದೆ. ಮೆತ್ತಗಿದೆ, ಕೈಗೆ ಏನೂ ಅಂಟಲಿಲ್ಲ.