ಮಡಚಿದ ಕಡೆ ಕಾರ್ಡ್ ಒಡೆಯಬಾರದು ಅಂದ್ರೆ ಮೊದಲು ಗ್ರೇನ್ (ಕಾಗದದ ನಾರು ಮಲಗಿರುವ ದಿಕ್ಕು) ನೋಡಿ
ಕಾರ್ಡ್, ಬ್ರೋಷರ್ ಕೆಲಸ ಬಂದಾಗ ಪ್ರಿಂಟಿಂಗ್ ಪ್ಲೇಟ್ ಹಾಕುವ ಮೊದಲು ಒಂದು ನಿಮಿಷ ಇದಕ್ಕೆ ಕೊಡಿ. ಅದೇ ಶೀಟ್‌ನಿಂದ ಅಂಗೈಯಷ್ಟು ಚೌಕ ತುಂಡು ಕತ್ತರಿಸಿ, ಒಂದೇ ಬದಿಗೆ ಒದ್ದೆ ಸ್ಪಂಜು ಸವರಿ. ತುಂಡು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತೆ. ಆ ಕೊಳವೆ ಯಾವ ದಿಕ್ಕಿಗೆ ಉದ್ದವಾಗಿ ಮಲಗುತ್ತೋ, ಅದೇ ಗ್ರೇನ್. ಮಡಿಕೆ ಅದಕ್ಕೆ ಸಮಾನಾಂತರವಾಗಿ ಬರುವಂತೆ ಪುಟ ಜೋಡಿಸಿ. ಶೀಟ್‌ನ ಉದ್ದ ಯಾವ ಕಡೆಗಿತ್ತು ಅಂತ ಕತ್ತರಿಸುವ ಮೊದಲೇ ತುಂಡಿನ ಮೇಲೆ ಪೆನ್ಸಿಲ್ ಗೆರೆ ಎಳೆದಿರಿ, ಚೌಕ ಆದಮೇಲೆ ಗೊತ್ತಾಗಲ್ಲ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನೀರು ಕುಡಿದಾಗ ಉದ್ದಕ್ಕಿಂತ ಅಗಲಕ್ಕೇ ಜಾಸ್ತಿ ಉಬ್ಬುತ್ತವೆ, ಅದಕ್ಕೇ ಈ ಸುರುಳಿ. ಗ್ರೇನ್‌ಗೆ ಅಡ್ಡವಾಗಿ ಮಡಚಿದರೆ ನಾರುಗಳೇ ಮುರಿದು ಬಿಳಿ ಗೆರೆ ಕಾಣುತ್ತೆ. ಗಾಢ ಬಣ್ಣ ತುಂಬಿದ ಕಡೆ, ಅದರಲ್ಲೂ ಟೋನರ್ (ಪುಡಿ ಶಾಯಿ) ಪ್ರಿಂಟ್‌ನಲ್ಲಿ, ಅದು ಕಣ್ಣಿಗೆ ಹೊಡೆಯುತ್ತೆ. ಸಿಂಥೆಟಿಕ್ ಶೀಟ್‌ನಲ್ಲಿ ಈ ಪರೀಕ್ಷೆ ನಡೆಯಲ್ಲ, ಅದರಲ್ಲಿ ಕಾಗದದ ನಾರೇ ಇರಲ್ಲ. ಲ್ಯಾಮಿನೇಷನ್ ಆದ ಬದಿ ನೀರು ಹೀರಲ್ಲ. ಕೈಯಿಂದ ಮಾಡಿದ ಕಾಗದಕ್ಕೆ ಖಚಿತವಾದ ಗ್ರೇನ್ ಇರೋದು ಕಡಿಮೆ. ತುಂಬಾ ದಪ್ಪ ಬೋರ್ಡ್ ಆದರೆ ನೀರು ಸವರದೆ, ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ಮಡಿಕೆ ಗ್ರೇನ್‌ಗೆ ಸಮಾನಾಂತರವಾಗಿರುತ್ತೆ. ಶೀಟ್ ಅಳತೆಯಿಂದಾಗಿ ಅಡ್ಡವೇ ಮಡಚಬೇಕಾಗಿ ಬಂದರೆ ಕ್ರೀಸಿಂಗ್ (ಮಡಚುವ ಜಾಗದಲ್ಲಿ ಮೊದಲೇ ಗೆರೆ ಒತ್ತುವುದು) ಮಾತ್ರ ಬಿಡಬೇಡಿ. 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೇಲಿನ ಕಾಗದಕ್ಕಂತೂ ಗ್ರೇನ್ ಸರಿಯಿದ್ದರೂ ನಾನು ಕ್ರೀಸ್ ಹಾಕಿಯೇ ಮಡಚುತ್ತೇನೆ.