ಕುರ್ಚಿ ಬೆನ್ನಿನ ಕೋಲಿಗೆ ಬೇಸಿಗೆಯೇ ಸರಿ

ನಮ್ಮ ಮೂಡಿಗೆರೆ ಕಡೆ ಹಳೇ ಮನೆಗಳ ಜಗಲಿಯಲ್ಲಿ ಒಂದಾದರೂ ಮರದ ಕುರ್ಚಿ ಇದ್ದೇ ಇರುತ್ತದೆ. ಕೂತವರು ಹಿಂದಕ್ಕೆ ವಾಲಿ ವಾಲಿ ಬೆನ್ನಿನ ಕೋಲು ಒಂದೆರಡು ಮುರಿದಿರುತ್ತವೆ. ಅಷ್ಟಕ್ಕೇ ಅದನ್ನು ಸೌದೆ ಕೊಟ್ಟಿಗೆಗೆ ಎಸೆಯಬೇಡಿ. ಕೋಲನ್ನು ಮನೆಯಲ್ಲೇ ಮಾಡಬಹುದು. ಮಳೆಗಾಲದಲ್ಲಿ ಮಾತ್ರ ಬೇಡ.

ನಾನೊಮ್ಮೆ ಆಷಾಢದಲ್ಲಿ, ತೋಟದ ಕೆಲಸ ಇಲ್ಲವಲ್ಲ ಅಂತ, ಮೂರು ಕೋಲು ಕೆತ್ತಿ ಕೂರಿಸಿದೆ. ಸುತ್ತಿಗೆಯಲ್ಲಿ ತಟ್ಟಿಯೇ ಇಳಿಸಬೇಕಾಯಿತು, ಅಷ್ಟು ಬಿಗಿ. ಶಿವರಾತ್ರಿ ಹೊತ್ತಿಗೆ ಮೂರೂ ಗಿರಗಿರ ತಿರುಗುತ್ತಿದ್ದವು. ಮಳೆಗಾಲದಲ್ಲಿ ಮರ ತೇವ ಕುಡಿದು ಊದಿರುತ್ತದೆ, ಒಣಗಿದಾಗ ಸಣ್ಣಗಾಗುತ್ತದೆ. ಬೇಸಿಗೆಯಲ್ಲಿ ಮಾಡಿದರೆ ಉಲ್ಟಾ, ಒಣಗಿದ ತುದಿ ತೂತಿನೊಳಗೆ ಕೂತ ಮೇಲೆ ಮಳೆಗೆ ಊದಿ ಇನ್ನೂ ಬಿಗಿಯಾಗುತ್ತದೆ. ಈಗ ನಾನು ಮಾರ್ಚಿನಲ್ಲೇ ಮಾಡುವುದು. ಮರದ ತುಂಡುಗಳು ಅದಕ್ಕೆ ಮುಂಚೆ ಎರಡು ವಾರ ಒಲೆ ಮೇಲಿನ ಅಟ್ಟದಲ್ಲಿರುತ್ತವೆ.

ಮರಕ್ಕೆ ಹಳೇ ತೇಗದ ಕಿಟಕಿಯ ತುಂಡು ಸಾಕು. ಕಿತ್ತು ಹಾಕಿದ ಕಾಫಿ ಗಿಡದ ಮೇಲೆ ಎಲ್ಲರ ಕಣ್ಣು. ಗಟ್ಟಿಯೇನೋ ಹೌದು, ಆದರೆ ನೇರ ಎಳೆ ಸಿಗುವುದಿಲ್ಲ, ಎಷ್ಟೋ ಗಿಡದಲ್ಲಿ ಕಾಂಡಕೊರಕ ಮೊದಲೇ ಕೊರೆದಿರುತ್ತದೆ. ತುಂಡನ್ನು ಗರಗಸದಲ್ಲಿ ಕೊಯ್ಯುವ ಬದಲು ಕತ್ತಿಯಿಟ್ಟು ಸೀಳಿ. ಸೀಳು ಎಳೆಯ ಜೊತೆಗೇ ಹೋಗುತ್ತದೆ. ಎಳೆ ಅಡ್ಡ ಹೋದ ಕೋಲು ಅಲ್ಲೇ ಮುರಿಯುವುದು.

ಲೇತ್ ಇಲ್ಲದೆ ದುಂಡಗೆ ಮಾಡುವುದು ಹೇಗೆ ಅಂತೀರಾ? 24 ಮಿ.ಮೀ. ಚೌಕದ ಕೋಲು ಮಾಡಿಕೊಳ್ಳಿ. ನಾಲ್ಕೂ ಮುಖದಲ್ಲಿ ಎರಡೂ ಅಂಚಿನಿಂದ 7 ಮಿ.ಮೀ. ಒಳಗೆ ಪೆನ್ಸಿಲ್ ಗೆರೆ ಎಳೆಯಿರಿ. ನಡುವೆ 10 ಉಳಿಯುತ್ತದೆ. ಗೆರೆವರೆಗೆ ಮೂಲೆ ಕೀಸಿದರೆ ಎಂಟು ಮುಖ. ಆ ಮೂಲೆಗಳನ್ನೂ ಕೀಸಿದರೆ ಹದಿನಾರು. ಅಲ್ಲಿಂದ ಉಪ್ಪುಕಾಗದದ ಪಟ್ಟಿಯನ್ನು ಕೋಲಿಗೆ ಸುತ್ತಿ, ಮೊಸರು ಕಡೆಯುವ ಹಗ್ಗದ ಹಾಗೆ ಎಳೆದಾಡಿ. ಬಳೆ ಬಳೆಯಾಗಿ ಕಡೆದ ಕೋಲಾದರೆ ಸುಮ್ನೆ ಕೈಯಲ್ಲಿ ಒದ್ದಾಡಬೇಡಿ, ಮುರಿಯದ ಒಂದನ್ನು ಮಾದರಿಗೆ ಹಿಡಿದು ಲೇತ್ ಇರುವ ಆಚಾರ್ರ ಹತ್ತಿರ ಹೋಗಿ.

ತುದಿಯ ಅಳತೆಗೆ ಕಣ್ಣು ಸಾಲದು. ಕುರ್ಚಿಯ ತೂತಿನಷ್ಟೇ ದಪ್ಪದ ಬೈರಿಗೆಯಿಂದ ಒಂದು ರದ್ದಿ ಹಲಗೆಗೆ ತೂತು ಹೊಡೆದು, ತುದಿಯನ್ನು ಅದರಲ್ಲಿ ತೂರಿಸಿ ನೋಡಿ. ಹೊಳಪು ಬಂದ ಕಡೆ ಮಾತ್ರ ಕೀಸಿ. ಕುರ್ಚಿಯ ತೂತಿನಲ್ಲಿರುವ ಹಳೇ ಸರೇಸನ್ನು, ಅಂದರೆ ಹಿಂದೆ ಮರಕ್ಕೆ ಹಾಕುತ್ತಿದ್ದ ಅಂಟನ್ನು, ಬಿಸಿನೀರಿನ ಬಟ್ಟೆ ಒತ್ತಿ ಮೆತ್ತಗೆ ಮಾಡಿ ಪೂರ್ತಿ ಕೆರೆದು ತೆಗೆಯಿರಿ. ಅದರ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ತೆಗೆದ ಮೇಲೆ ತೂತು ಚೆನ್ನಾಗಿ ಒಣಗಲಿ.

ಇಡೀ ಕುರ್ಚಿ ಬಿಚ್ಚುವ ಗೋಜು ಬೇಡ ಅಂದರೆ, ಮೇಲಿನ ತೂತನ್ನು ಅರ್ಧ ಇಂಚು ಜಾಸ್ತಿ ಆಳ ಮಾಡಿ. ಕೋಲನ್ನು ಮೊದಲು ಮೇಲಕ್ಕೆ ತಳ್ಳಿ, ಆಮೇಲೆ ಕೆಳಗಿನ ತೂತಿಗೆ ಇಳಿಸಿ. ಮೇಲಿನ ಪಟ್ಟಿಯಿಂದ ಕೂರುವ ಹಲಗೆಯ ಅಡಿಗೆ ಹಗ್ಗ ಸುತ್ತಿ, ಕಡ್ಡಿ ಸಿಕ್ಕಿಸಿ ತಿರುಚಿ, ಒಂದು ದಿನ ಹಾಗೇ ಬಿಡಿ.

ಬಣ್ಣಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ ಮೂರ್ನಾಲ್ಕು ಸಲ ಹಚ್ಚಿ, ಒಣಗಿದ ಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುತ್ತದೆ. ಅಂಗಳದ ತಂತಿ ಮೇಲೆ ಹರವಿ.