ಹಾಲವಾಣ ಕಡಿಸಿದೆ, ಮತ್ತೆ ನೆಟ್ಟೆ: ನಮ್ಮ ಟೀ ಮಣ್ಣಿನ ಕತೆ

ಕೊಟ್ಟಿಗೆಹಾರದ ಹತ್ತಿರ ನಮ್ಮದು ಕಾಫಿ ತೋಟ. ಅದರ ಮೇಲಿನ ಇಳಿಜಾರಲ್ಲಿ ಎರಡು ಎಕರೆ ಟೀ ಇದೆ. ಕಾಫಿಗೆ ನೆರಳು ಬೇಕು ಅನ್ನೋದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಟೀ ಅಂದ ಕೂಡಲೇ ಮಾತ್ರ ಎಲ್ಲರಿಗೂ ಕ್ಯಾಲೆಂಡರಿನ ಬೋಳು ಗುಡ್ಡವೇ ನೆನಪಾಗುತ್ತದೆ. ನನಗೂ ಹಾಗೇ ಆಯಿತು. ಟೀ ಸಾಲಿನ ನಡುವೆ ನೆರಳಿಗೆ ಇದ್ದ ಹಳೆ ಹಾಲವಾಣದ ಮರಗಳನ್ನು ಕಡಿಸಿಬಿಟ್ಟೆ. ಬಿಸಿಲು ಬಿದ್ದ ಮೇಲೆ ಚಿಗುರು ಜಾಸ್ತಿ ಬಂತು, ಸುಳ್ಳು ಯಾಕೆ ಹೇಳಲಿ. ಎರಡು ವರ್ಷ ಖುಷಿಯಾಗೇ ಇದ್ದೆ.

ಮೂರನೇ ವರ್ಷ ಆರಿದ್ರಾ ಮಳೆಗೆ ಹರಿಯೋ ನೀರು, ಮಣ್ಣು ತಡೆಯಲು ತೋಡಿದ ತೊಟ್ಟಿಲು ಗುಂಡಿಗಳೆಲ್ಲ ಎರಡೇ ದಿನದಲ್ಲಿ ಕೆಂಪು ರಾಡಿಯಿಂದ ತುಂಬಿದವು. ಅದು ನಾನು ದುಡ್ಡು ಕೊಟ್ಟು ಗೊಬ್ಬರ ಹಾಕಿದ ಮೇಲ್ಮಣ್ಣು! ಮಳೆ ಬಿಟ್ಟ ಮೇಲೆ ಹಳೆ ಎಣ್ಣೆ ಡಬ್ಬದ ತಳ ಕತ್ತರಿಸಿ, ಮೂರು ಬೆರಳು ಆಳಕ್ಕೆ ನೆಲಕ್ಕೆ ಒತ್ತಿ, ಒಂದು ಚೊಂಬು ನೀರು ಹೊಯ್ದು ನೋಡಿದೆ. ಬೇಲಿ ಪಕ್ಕ ಉಳಿದಿದ್ದ ಹಾಲವಾಣದ ಬುಡದಲ್ಲಿ ನಾನು ಎಲೆಗೆ ಸುಣ್ಣ ಹಚ್ಚಿ ಮಡಚುವಷ್ಟರಲ್ಲಿ ನೀರು ಇಂಗಿತ್ತು. ಬೋಳು ಜಾಗದಲ್ಲಿ ಮನೆಗೆ ಹೋಗಿ ಕಾಫಿ ಕುಡಿದು ಬಂದರೂ (ಹೌದು, ಟೀ ಬೆಳೆಯೋನು ಕುಡಿಯೋದು ಕಾಫಿನೇ) ಡಬ್ಬದಲ್ಲಿ ನೀರು ನಿಂತಿತ್ತು. ಒಂದು ಗೇಣು ಅಗೆದೆ. ಮರದ ಬುಡದ ಮಣ್ಣು ಕಪ್ಪಗೆ, ಹಿಡಿದರೆ ಪುಡಿಪುಡಿ, ಎರೆಹುಳು, ದರಗಿನ ಅಡಿಯಲ್ಲಿ ಬಿಳಿ ದಾರದ ಹಾಗೆ ಬೂಷ್ಟು. ಇನ್ನೊಂದು ಕಡೆ ಗುದ್ದಲಿ ಟಣ್ ಅಂತು.

ಮತ್ತೆ ಮರ ನೆಡೋಣ ಅಂತ ಹೊರಟಾಗಲೂ ಆಸೆ ಬಿಡಲಿಲ್ಲ. ಮೆಣಸು ಹಬ್ಬಿಸಬಹುದು, ನಾಟಾಕ್ಕೂ ಆಗುತ್ತೆ ಅಂತ ಬರೀ ಸಿಲ್ವರ್ ಓಕ್ ಮರ ಹಾಕಿದೆ. ಸಿಲ್ವರ್ ಗಾಳಿ ತಡೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ, ಎಲ್ಲ ಸರಿ. ಆದರೆ ಅದರ ಎಲೆ ಬೇಗ ಕೊಳೆಯೋದಿಲ್ಲ. ಮುಂದಿನ ವರ್ಷ ಕೆದಕಿದರೂ ಅಡಿಯಲ್ಲಿ ಹಳೆ ಎಲೆ ಹಾಗೇ ಸಿಗುತ್ತದೆ. ನೆಲಕ್ಕೆ ಹೊದಿಕೆ ಆಯಿತೇ ಹೊರತು ಮಣ್ಣಿಗೆ ಊಟ ಆಗಲಿಲ್ಲ. ಆಮೇಲೆ ನಡುನಡುವೆ ಹಾಲವಾಣದ ಗೂಟ (ನೆಟ್ಟರೆ ಚಿಗುರೋ ರೆಂಬೆ) ನೆಟ್ಟೆ. ಇದರ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ, ಮರಗಸಿ ಮಾಡಿ, ಅಂದರೆ ನೆರಳು ಮರದ ರೆಂಬೆ ಸವರಿ, ಸಾಲಿಗೆ ಹಾಕಿದ ಸೊಪ್ಪು ಮಳೆಗಾಲ ಮುಗಿಯುವಷ್ಟರಲ್ಲಿ ಕರಗಿ ಬರೀ ಕಡ್ಡಿ ಉಳಿದಿರುತ್ತದೆ.

ಮರಗಸಿ ಮಾತ್ರ ಮಳೆ ಹಿಡಿಯೋ ಮುಂಚೆ ಆಗಲೇಬೇಕು. ಒಂದು ವರ್ಷ ಆಳು ಸಿಗದೆ ಹಾಗೇ ಬಿಟ್ಟೆ. ದಟ್ಟ ನೆರಳು, ಬಿಡದ ಜಡಿಮಳೆ, ಚಿಗುರೆಲೆ ತುಂಬ ಬೊಕ್ಕೆ ಎದ್ದವು, ಬ್ಲಿಸ್ಟರ್ ಬ್ಲೈಟ್ ರೋಗ ಅಂತಾರಲ್ಲ ಅದು. ಆ ಮಳೆಗಾಲದ ಕೊಯ್ಲು ಅರ್ಧಕ್ಕರ್ಧ ಹೋಯಿತು.

ಇನ್ನೊಂದು, ಮರ ಇದ್ದರೆ ಹುಳಿ ಮಣ್ಣೂ ಸರಿಹೋಗುತ್ತೆ ಅಂದುಕೊಂಡಿದ್ದೆ. ಇಲ್ಲ. ಟೀಗೆ ಹುಳಿ ಮಣ್ಣೇ ಬೇಕು, ರಸಸಾರ (ಪಿಎಚ್, ಇಳಿದಷ್ಟೂ ಹುಳಿ ಜಾಸ್ತಿ) 4.5ರಿಂದ 5.5ರ ಒಳಗೆ ಇದ್ದರೆ ಚೆನ್ನ. ಆದರೆ ಯೂರಿಯಾ, ಅಮೋನಿಯಂ ಸಲ್ಫೇಟ್ ಹಾಕುತ್ತಾ ಹೋದ ಹಾಗೆ ಅದು ಇನ್ನೂ ಇಳಿಯುತ್ತದೆ, ಟೀ ಗಿಡವೂ ತನ್ನ ಪಾಲಿಗೆ ಇಳಿಸುತ್ತದೆ. ಮರ ನೆಟ್ಟು ಕೆಲವು ವರ್ಷ ಆದ ಮೇಲೆ ಪರೀಕ್ಷೆ ಮಾಡಿಸಿದರೂ ನಮ್ಮದು 4.2 ಬಂತು. ಅದಕ್ಕೆ ಗಿಡ ಕತ್ತರಿಸುವ ವರ್ಷ ಹುಳಿ ತಗ್ಗಿಸೋ ಡೋಲೊಮೈಟ್ ಪುಡಿ ಹಾಕುತ್ತೇನೆ. ಕತ್ತರಿಸಿದ ಟೀ ರೆಂಬೆ ಮೊದಲು ಸೌದೆಗೆ ಹೋಗುತ್ತಿತ್ತು, ಈಗ ಸಾಲಲ್ಲೇ ಬಿಡಿಸುತ್ತೇನೆ. ಇದಕ್ಕೆ ಮನೆಯಲ್ಲಿ ಸ್ವಲ್ಪ ಜಗಳವೂ ಆಯಿತು ಅನ್ನಿ.

ಚಿಗುರು ಕೊಯ್ಯಲು ಬರುವ ಹೆಂಗಸೊಬ್ಬರು ಹೋದ ಬೇಸಿಗೆಯಲ್ಲಿ ಅಂದರು, "ಈ ಸಾಲಲ್ಲಿ ಕಾಲಿಗೆ ಮೆತ್ತಗೆ ಸಿಗ್ತದೆ ಸಾರ್, ಕೆಳಗಡೆ ಹೆಂಚಿನ ಮೇಲೆ ನಿಂತ ಹಾಗೆ." ಕೆಳಗಡೆಯ ಅರ್ಧ ಎಕರೆಗೆ ಇನ್ನೂ ಮರ ಇಲ್ಲ. ಗೂಟ ಕಡಿದು ನೆರಳಲ್ಲಿ ಒರಗಿಸಿ ಇಟ್ಟಿದ್ದೇನೆ, ಮಳೆ ಹಿಡಿಯಲಿ ಅಂತ.